ಮ್ಯಾನೇಜರಮ್ಮನ ಮಗಳು

ಪೋರೂರು, ಚೆನ್ನೈ
15 ಸೆಪ್ಟೆಂಬರ್ 2025

ಪ್ರೀತಿಯ ಸುಮತಿಯಕ್ಕನಿಗೆ ತಂಗಿ ಸರಸಳ ನಮಸ್ಕಾರ.

ನಿನ್ನ ಕಾಗದ ಬಂದದ್ದು ಆಟಿ ತಿಂಗಳಲ್ಲಿ, ಉತ್ತರ ಬರೆಯಲು ಕುಳಿತದ್ದು ಚೌತಿಯೂ ಕಳೆದ ಮೇಲೆ. ಬೈಯುವುದಾದರೆ ನವರಾತ್ರಿಗೆ ಇಲ್ಲಿಗೆ ಬರುತ್ತಿಯಲ್ಲ, ಆಗ ಒಟ್ಟಿಗೇ ಬೈದುಬಿಡು. ಹಲಸಿನ ಹಪ್ಪಳದ ಕಟ್ಟು ಒಂದೂ ಮುರಿಯದೆ ತಲುಪಿತು. ಫೋನು ಮಾಡಬಹುದಿತ್ತಲ್ಲ ಎನ್ನುತ್ತಿ. ನಾನು ಹೇಳಿದ್ದು ನಿನಗೆ ಫೋನಿನಲ್ಲಿ ಅರ್ಧ ಕೇಳುತ್ತದೆ, ಕೆಳಗೆ ನಮ್ಮ ಹೋಟೆಲಿನಲ್ಲಿ ಕಾಫಿ ಕುಡಿಯುವವರಿಗೆ ಪೂರ್ತಿ ಕೇಳುತ್ತದೆ. ಅದಕ್ಕೆ ಕಾಗದವೇ ಸರಿ.

ನಾವೆಲ್ಲ ಆರೋಗ್ಯ. ಇವರಿಗೆ ಬೆನ್ನುನೋವು ಇದ್ದದ್ದೇ, ಗಲ್ಲಾದ ಮೇಲೆ ಕೂತು ಕೂತು. ವ್ಯಾಪಾರ ಚೆನ್ನಾಗಿ ಉಂಟು. ಹತ್ತಿರದಲ್ಲೇ ಇನ್ನೊಂದು ಸಾಫ್ಟ್‌ವೇರ್ ಆಫೀಸು ತೆರೆದ ಮೇಲೆ ಸಂಜೆಯ ರವಾ ದೋಸೆಗೆ ಕಲ್ಲು ಸಾಲುವುದಿಲ್ಲ.

ಈಗ ನೀನು ಕೇಳಿದ ವಿಷಯ. ಮೊಮ್ಮಗಳು ಹರ್ಷಿಣಿ ಕುಂದಾಪುರದಲ್ಲಿ ಶಾಲೆಯ ಖೋಖೋ ತಂಡಕ್ಕೆ ಸೇರಿದ್ದಾಳೆ, ಪಿ.ಟಿ. ಮೇಷ್ಟ್ರು ಅಪ್ಪ ಅಮ್ಮಂದಿರೂ ಕೈಜೋಡಿಸಬೇಕು ಎಂದಿದ್ದಾರೆ, ನಿನ್ನ ಸೊಸೆಗೆ ಎಂತ ಮಾಡುವುದೆಂದು ತಿಳಿಯುವುದಿಲ್ಲ, ಸರಸತ್ತೆಯನ್ನು ಕೇಳಿ ಎಂದಳು. ಅಲ್ಲವಾ? ಅಕ್ಕ, ಕೇಳಬೇಕಾದವರನ್ನೇ ಕೇಳಿದ್ದೀರಿ. ನಿನ್ನ ತಂಗಿ ಈಗ ಪೋರೂರಿನ ಏರಿಕ್ಕರೈ ಹುಡುಗಿಯರ ಕಬಡ್ಡಿ ತಂಡದ ಮ್ಯಾನೇಜರ್. ಏರಿ ಎಂದರೆ ಇಲ್ಲಿಯ ಭಾಷೆಯಲ್ಲಿ ಕೆರೆ. ಕೆರೆಯ ಬದಿಯ ಮೈದಾನದಲ್ಲಿ ಆಡುವವರಾದ್ದರಿಂದ ಆ ಹೆಸರು. ಕಳೆದ ತಿಂಗಳು ತಿರುಚ್ಚಿಯಲ್ಲಿ ರಾಜ್ಯಮಟ್ಟದ ಪಂದ್ಯಗಳಿಗೆ ಹುಡುಗಿಯರನ್ನು ಕರೆದುಕೊಂಡು ಹೋಗಿ ಎರಡನೆಯ ಬಹುಮಾನ ಗೆದ್ದುಕೊಂಡು ಬಂದೆ.

ನನ್ನ ಮಗಳು ವೀಕ್ಷಾ ಮಾತ್ರ ಬರಲಿಲ್ಲ. ಇದು ಅವಳಿಗೆ ಈ ವಯಸ್ಸಿನ ಗುಂಪಿನಲ್ಲಿ ಕಡೆಯ ವರ್ಷ. ತಿರುಚ್ಚಿ ತಿರುಚ್ಚಿ ಎಂದು ವರ್ಷವಿಡೀ ಕನವರಿಸಿದವಳು ಮನೆಯಲ್ಲೇ ಉಳಿದಳು. ಅದು ಹೇಗಾಯಿತೆಂದೂ ಬರೆಯುತ್ತೇನೆ, ನಡುವಿನದನ್ನು ಹಾರಿಸಿ ಓದಬೇಡ.

ಮೊದಲು ನಾನೂ ಎಲ್ಲರ ಹಾಗೇ ಮಗಳನ್ನು ಮೈದಾನದಲ್ಲಿ ಇಳಿಸಿ, ಸ್ಕೂಟರಿನ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದವಳು. ಕೋಚ್ ವಿಶ್ವನಾಥನ್ ಸಾರ್ ಒಂದು ದಿನ ನಮ್ಮೆಲ್ಲರ ಹತ್ತಿರ ಬಂದು, "ಮಕ್ಕಳನ್ನು ನಿಲ್ಲಿಸಿ ಹೋಗಲು ಇದು ಸೈಕಲ್ ಸ್ಟ್ಯಾಂಡಲ್ಲ ಅಮ್ಮಾ. ಆಟ ನಾನು ಕಲಿಸುತ್ತೇನೆ. ನೀರು, ಗಾಯ, ಜಗಳ, ಬಸ್ಸು, ಇದೆಲ್ಲ ಯಾರು ನೋಡುವುದು?" ಎಂದು ತಮಿಳಿನಲ್ಲಿ ಜೋರು ಮಾಡಿದರು. ಎಲ್ಲರೂ ಚಪ್ಪಲಿ ನೋಡಿಕೊಂಡರು. ನಾನು ಕೈ ಎತ್ತಿದೆ. ನಮ್ಮ ಮನೆಯಲ್ಲಿ ಯಾರಾದರೂ "ಬಡಿಸುವವರು ಯಾರು?" ಎಂದರೆ ಕೈ ತಾನಾಗಿ ಮೇಲೆ ಹೋಗುತ್ತದಲ್ಲ, ಹಾಗೆ.

ಹೋಟೆಲಿನವಳಿಗೆ ಸಹಾಯ ಎಂದರೆ ಎಂತ? ಊಟ ಹಾಕುವುದು. ಜಿಲ್ಲಾ ಪಂದ್ಯದ ದಿನ ಬೆಳಿಗ್ಗೆ ದೊಡ್ಡ ಡಬ್ಬಿ ತುಂಬ ವೆಣ್‌ಪೊಂಗಲು, ಮೇಲೆ ತುಪ್ಪ ಗೋಡಂಬಿ, ಬುಟ್ಟಿ ತುಂಬ ಉದ್ದಿನವಡೆ, ಚಟ್ನಿ, ಗೊತ್ಸು ಕಟ್ಟಿಸಿಕೊಂಡು ಹೋದೆ. ಹುಡುಗಿಯರು ತಿಂದರು ನೋಡು! ನಾನು ನಿಂತು ಒತ್ತಾಯ ಮಾಡಿ ಮಾಡಿ ಬಡಿಸಿದೆ. ಆಮೇಲೆ ಗೊತ್ತಾಯಿತು, ಆ ವಯಸ್ಸಿನ ಹುಡುಗಿಯರ ಕಬಡ್ಡಿಯಲ್ಲಿ ಆಡುವ ಮೊದಲು ಒಬ್ಬೊಬ್ಬರನ್ನೂ ತೂಕ ಮಾಡುತ್ತಾರೆ, ಐವತ್ತೈದು ಕಿಲೋ ದಾಟಬಾರದು! ಕಯಲ್ ಎಂಬ ಹುಡುಗಿ ನಮ್ಮ ತಂಡದ ರೈಡರ್, ಎದುರಿನವರ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವಳು. ಅವಳು ತಕ್ಕಡಿ ಹತ್ತಿದರೆ ಮುಳ್ಳು ಗೆರೆ ದಾಟಿ ನಿಂತಿತು. ಇನ್ನೊಮ್ಮೆ ತೂಗಲು ಅವಕಾಶ ಇದ್ದದ್ದು ನಮ್ಮ ಪುಣ್ಯ. ಜಾಕೆಟ್ಟು ಬಿಚ್ಚಿ, ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದು ಹೇಗೋ ಪಾರಾದಳು. ಆದರೆ ಪೊಂಗಲು ತಿಂದವರಿಗೆ ನಿದ್ದೆ ಬರುವುದು ಈ ಊರಿಗೇ ಗೊತ್ತಿರುವ ವಿಷಯ. ಮೊದಲ ಪಂದ್ಯದಲ್ಲಿ ಒಬ್ಬಳಿಗೂ ಕಾಲೆತ್ತಲಾಗಲಿಲ್ಲ. ಸಾರ್ ನನ್ನ ಹತ್ತಿರ ಬಂದು ಕೈ ಮುಗಿದು, "ಅಮ್ಮಾ, ಎದುರಿನ ತಂಡಕ್ಕೆ ಬಡಿಸಿದ್ದರೆ ನಾವು ಗೆಲ್ಲುತ್ತಿದ್ದೆವು" ಎಂದರು. ನಾನು ನಾಚಿಕೆಯಿಂದ ಸತ್ತೆ ಎಂದುಕೊಂಡಿಯಾ? ಇಲ್ಲ ಮಾರಾಯ್ತಿ. ಮರುದಿನ ಬಾಳೆಹಣ್ಣು, ನೆಲಗಡಲೆ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ಲಿಂಬೆ ನೀರು ತೆಗೆದುಕೊಂಡು ಹೋದೆ. ಊಟವೆಲ್ಲ ಆಟ ಮುಗಿದ ಮೇಲೆ. ನಿನ್ನ ಸೊಸೆಗೆ ಇದನ್ನು ಮೊದಲು ಹೇಳು. ಕುಂದಾಪುರದವರೂ ಒತ್ತಾಯ ಮಾಡಿ ಬಡಿಸುವುದರಲ್ಲಿ ಕಡಿಮೆಯವರಲ್ಲ.

ಅದಾದ ಮೇಲೆ ನಾನು ಕೆಲಸವನ್ನು ಹೋಟೆಲಿನ ಕ್ರಮದಲ್ಲಿ ಹಂಚಿದೆ. "ಯಾರಾದರೂ ಏನಾದರೂ ಮಾಡಿ" ಎಂದರೆ ಯಾರೂ ಏನೂ ಮಾಡುವುದಿಲ್ಲ. ಸಾಂಬಾರಿನವನು ಸಾಂಬಾರು, ಕಾಫಿಯವನು ಕಾಫಿ, ಬೆಳಗಿನ ಶಿಫ್ಟಿನವನು ಬೆಳಿಗ್ಗೆ ಬರಲೇಬೇಕು. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂದು ಹೇಳುವುದು ಸುಲಭ. ಆ ಹತ್ತು ಜನರ ಕೈಗೆ ಒಂದೊಂದು ಕಡ್ಡಿಯನ್ನು ಹೆಸರು ಕರೆದು ಕೊಡುವವರು ಒಬ್ಬರು ಬೇಕು. ಆಟೋ ಓಡಿಸುವ ಅಪ್ಪನಿಗೆ ಹುಡುಗಿಯರನ್ನು ಕರೆತರುವ ಕೆಲಸ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮನಿಗೆ ಗಾಯದ ಪೆಟ್ಟಿಗೆ. ನನಗೆ ಉಗುರು. ನಗಬೇಡ, ಕಬಡ್ಡಿಯಲ್ಲಿ ಉಗುರು ಬೆಳೆಸಿದರೆ ಅಂಪೈರು ಒಳಗೆ ಬಿಡುವುದಿಲ್ಲ. ಪ್ರತಿ ಪಂದ್ಯಕ್ಕೂ ಮೊದಲು ಅಷ್ಟೂ ಹುಡುಗಿಯರ ಕೈ ಹಿಡಿದು ಉಗುರು ಕತ್ತರಿಸುವುದು ನಾನೇ. ಕೈ ಹಿಡಿದಾಗ ಹುಡುಗಿಯರು ಮನೆಯಲ್ಲಿ ಹೇಳದ್ದನ್ನೂ ಹೇಳುತ್ತಾರೆ.

ಹಾಗೇ ಒಂದು ವಿಷಯ ತಿಳಿಯಿತು. ಕೆಲವು ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಕಾಣೆಯಾಗುತ್ತಿದ್ದರು, ಸಾರ್ ಸೋಮಾರಿಗಳೆಂದು ಬೈಯುತ್ತಿದ್ದರು. ಮೈದಾನದಲ್ಲಿ ಬಟ್ಟೆ ಬದಲಿಸಲು ಒಂದು ಮರೆ ಇಲ್ಲ, ಹುಡುಗಿಯರು ಗಂಡಸಿನ ಹತ್ತಿರ ಹೇಳುವುದಾದರೂ ಎಂತ? ನಾನು ಮತ್ತು ಜಯಲಕ್ಷ್ಮೀ ಸೇರಿ ಒಂದು ಮೂಲೆಯಲ್ಲಿ ಬಿದಿರು ನೆಟ್ಟು ಹಳೆಯ ಬೆಡ್‌ಶೀಟು ಕಟ್ಟಿದೆವು, ಪ್ಯಾಡು ತಂದಿಟ್ಟೆವು. ಅಷ್ಟೇ. ಮುಂದಿನ ತಿಂಗಳಿನಿಂದ ಸೋಮಾರಿಗಳು ಯಾರೂ ಉಳಿಯಲಿಲ್ಲ.

ಜಯಲಕ್ಷ್ಮೀ ಯಾರೆಂದು ಹೇಳಲಿಲ್ಲವಲ್ಲ. ವೀಕ್ಷಾಳ ಗೆಳತಿ ಸಂಹಿತಾಳ ಅಮ್ಮ. ಮದರಾಸಿಗೆ ಬಂದು ತಲೆಮಾರುಗಳೇ ಆದ ಮಾಧ್ವರು, ಗಂಡ ಹರಿದಾಸರಿಗೆ ಟಿ. ನಗರದ ವಿಮಾ ಕಂಪನಿಯಲ್ಲಿ ಕೆಲಸ. ಅವರ ಮನೆಯ ಕನ್ನಡದಲ್ಲಿ ಅರ್ಧ ತಮಿಳು, ಆದರೂ ಕನ್ನಡ ಕೇಳಿ ನನಗೆ ಜೀವ ಬಂದಂತಾಯಿತು. ಈ ಹರಿದಾಸರದ್ದೊಂದು ಉಪದ್ರ. ಆಟ ಶುರುವಾದರೆ ಗೆರೆಯ ಬದಿಯಲ್ಲಿ ನಿಂತು "ಸಂಹಿತಾ, ಕಾಲ್ ಪುಡಿ! ಕಾಲ್ ಪುಡಿ!" ಎಂದು ಕೂಗುವುದು. ಸಾರ್ ಆ ಕಡೆಯಿಂದ ಸೊಂಟ ಹಿಡಿ ಎನ್ನುತ್ತಾರೆ, ಅಪ್ಪ ಈ ಕಡೆಯಿಂದ ಕಾಲು ಹಿಡಿ ಎನ್ನುತ್ತಾರೆ, ಆ ಹುಡುಗಿ ಇಬ್ಬರ ಮುಖವನ್ನೂ ನೋಡುತ್ತ ಔಟಾಗುತ್ತಾಳೆ. ನಾನು ಹೋಗಿ, "ಹರಿದಾಸರೇ, ನಿಮ್ಮಷ್ಟು ಲೆಕ್ಕ ಪಕ್ಕಾ ಇರುವವರು ಇಲ್ಲಿ ಬೇರೆ ಯಾರೂ ಇಲ್ಲ" ಎಂದು ಸ್ಕೋರು ಬರೆಯುವ ಮೇಜಿಗೆ ಕೂರಿಸಿದೆ. ಸ್ಕೋರು ಬರೆಯುವವರು ಬಾಯಿ ಬಿಡಬಾರದು ಎಂಬುದು ನಿಯಮ. "ಏನ್ರೀ ಸರಸಾ ಅವ್ರೇ, ನನ್ನ ಚೆನ್ನಾಗ್ ಮಾಟ್ಟಿಬಿಟ್ರಿ" ಎಂದು, ಸಿಕ್ಕಿಸಿಹಾಕಿದಿರಿ ಎನ್ನುವುದಕ್ಕೆ, ಅವರೇ ನಕ್ಕರು. ಕೂಗುವ ಅಪ್ಪಂದಿರು ಕುಂದಾಪುರದಲ್ಲೂ ಇರುತ್ತಾರೆ. ಅವರಿಗೆ ಪೆನ್ನು ಕೊಡಲು ಹೇಳು.

ಇಲ್ಲಿಗೆ ನಿಲ್ಲಿಸಿ ಕೆಳಗೆ ಹೋಗಿದ್ದೆ. ಊಟದ ಹೊತ್ತು, ರಸಂ ಮುಗಿದಿತ್ತು, ಅಡುಗೆಭಟ್ಟರು ಮುನಿಸಿಕೊಂಡಿದ್ದರು. ಎಲ್ಲ ಸರಿ ಮಾಡಿ ಬಂದೆ. ಎಲ್ಲಿದ್ದೆ? ಹಾಂ, ತಿರುಚ್ಚಿ.

ಹುಡುಗಿಯರ ತಂಡ ಬೇರೆ ಊರಿಗೆ ಹೋಗುವುದಾದರೆ ಜೊತೆಗೆ ಒಬ್ಬ ಹೆಂಗಸು ಮ್ಯಾನೇಜರ್ ಆಗಿ ಇರಲೇಬೇಕು. ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಕಳಿಸುವುದೂ ಇಲ್ಲ. ಯಾರು ಎಂದಾಗ ಎಲ್ಲರೂ ನನ್ನ ಹೆಸರು ಹೇಳಿದರು. ಕಯಲ್‌ಳ ಅಜ್ಜಿ ಅಂತೂ, "ಹೋಟೆಲ್ ಅಮ್ಮ ಹೋದರೆ ಮಾತ್ರ ನಮ್ಮ ಹುಡುಗಿ ಬರುತ್ತಾಳೆ" ಎಂದುಬಿಟ್ಟರು. ಸುಳ್ಳು ಯಾಕೆ ಹೇಳಲಿ ಅಕ್ಕ, ಹೆಮ್ಮೆಯಾಯಿತು. ಇಷ್ಟು ವರ್ಷ ನಾನು ಮಧ್ವರಾಜರ ಹೆಂಡತಿ, ಗಲ್ಲಾದ ಹಿಂದಿನ ಕುರ್ಚಿಯವಳು. ಮೊದಲ ಸಲ ಒಂದು ಊರು ನನ್ನ ಮಾತಿನ ಮೇಲೆ ಮಕ್ಕಳನ್ನು ಬಸ್ಸು ಹತ್ತಿಸಿತು.

ತಂಡದಲ್ಲಿ ಹನ್ನೆರಡು ಜನರಿಗೆ ಜಾಗ. ಹನ್ನೊಂದು ಹೆಸರು ನಿಶ್ಚಯವಾಗಿತ್ತು. ಕಡೆಯ ಜಾಗಕ್ಕೆ ಇಬ್ಬರು, ಸಂಹಿತಾ ಮತ್ತು ನಮ್ಮ ವೀಕ್ಷಾ. ಇಬ್ಬರೂ ಮೂಲೆಯಲ್ಲಿ ನಿಂತು ಹಿಡಿಯುವವರು. ಸಾರ್ ನನ್ನನ್ನು ಬದಿಗೆ ಕರೆದರು. "ನನ್ನ ಮನಸ್ಸಿನಲ್ಲಿ ವೀಕ್ಷಾ ಒಂದು ಕೂದಲೆಳೆ ಮುಂದಿದ್ದಾಳೆ. ಆದರೆ ನೀವೇ ಮ್ಯಾನೇಜರ್, ನೀವೇ ಅವಳ ಅಮ್ಮ. ನಾಳೆ ಯಾರಾದರೂ ಒಂದು ಮಾತು ಅಂದಾರು. ಸಂಹಿತಾ ಬಂದರೂ ನನಗೆ ತೊಂದರೆಯಿಲ್ಲ. ನೀವೇನು ಹೇಳುತ್ತೀರಿ?" ಎಂದು ಕೇಳಿದರು.

ನಾನು ಉಗುಳು ನುಂಗುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. "ಸಂಹಿತಾ ಹೋಗಲಿ ಸಾರ್" ಎಂದೆ.

ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ನಾವು ಬೆಳೆದದ್ದೇ ಹಾಗಲ್ಲವಾ? ಯಾರ ಮನೆಯ ಮದುವೆಯಾದರೂ ಅಡುಗೆಗೆ ಹೋದ ಅಪ್ಪಯ್ಯ, ಬಡಿಸಲು ಹೋದ ಅಮ್ಮ, ಜೊತೆಗೆ ನಾವು, ಎಲ್ಲರೂ ಕೂರುವುದು ಕಡೆಯ ಪಂಕ್ತಿಗೆ. ಹೋಳಿಗೆ ಮುಗಿದಿದ್ದರೆ ಮುಗಿಯಿತು, ಬಾಯಿ ತೆರೆಯುವಂತಿಲ್ಲ. ಬಡಿಸುವವರ ಮಕ್ಕಳು ಮೊದಲ ಪಂಕ್ತಿಯಲ್ಲಿ ಕೂತರೆ ಊರು ನಗುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಈಗಲೂ ನಮ್ಮ ಹೋಟೆಲಿನಲ್ಲಿ ಗಿರಾಕಿಗಳು, ಕೆಲಸದವರು, ಎಲ್ಲ ಆದ ಮೇಲೆ ನಾವು. ಅದೇ ಮರ್ಯಾದೆ ಎಂದು ನನ್ನ ರಕ್ತಕ್ಕೇ ಗೊತ್ತು. ತಂಡದ ಕೆಲಸಕ್ಕೆ ನಿಂತವಳು ನನ್ನ ಮಗಳಿಗೇ ಮೊದಲು ಬಡಿಸುವುದು ಹೇಗೆ?

ಸಾರ್ ಹೆಸರುಗಳನ್ನು ಓದಿದಾಗ ವೀಕ್ಷಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು, ಸಂಹಿತಾಳನ್ನು ತಬ್ಬಿಕೊಂಡಳು. ನೋಡಿದೆಯಾ ನನ್ನ ಮಗಳನ್ನು ಎಂದುಕೊಂಡೆ. ಮನೆಗೆ ಬಂದು ನಾನೇ ಎಲ್ಲ ಹೇಳಿದೆ, ಬೇರೆಯವರಿಂದ ತಿಳಿಯಬಾರದಲ್ಲ. ನಿನಗೆ ಗೊತ್ತು, ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. "ಸಾರ್ ಉನ್ನ ಕೇಟ್ಟಾರು. ನೀ ಎನ್ನ ಕೇಟ್ಟಿಯಾ?" ಎಂದಳು. ಸಾರ್ ನಿನ್ನನ್ನು ಕೇಳಿದರು, ನೀನು ನನ್ನನ್ನು ಕೇಳಿದೆಯಾ ಎಂದು. ನಾನು ಪಂಕ್ತಿ, ಮರ್ಯಾದೆ, ಅಜ್ಜಿ ಎಂದೆಲ್ಲ ಹೇಳಲು ಹೋದೆ. "ಅದು ಊಟ ಮ್ಮಾ, ಇದು ಆಟ" ಎಂದಳು. ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು, ನನಗೆ ಚೆನ್ನಾಗಿ ತಿಳಿಯಲಿ ಎಂದಿರಬೇಕು.

ಇವರು ಗಲ್ಲಾ ಮುಚ್ಚಿ ಮೇಲೆ ಬಂದವರು ವಿಷಯ ಕೇಳಿ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಒಂದೇ ಮಾತು ಹೇಳಿ ಕೈಕಾಲು ತೊಳೆಯಲು ಹೋದರು. ಇವರಿಗೆ ಗಾದೆ ಸಿಕ್ಕಿದರೆ ಸಾಕು. "ನೀವೂ ಅದೇ ಕ್ರಮದಲ್ಲಿ ಬೆಳೆದವರಲ್ಲವಾ ಮಾರಾಯ್ರೆ?" ಎಂದು ಕೇಳಿದೆ. "ಹೌದು, ಅದಕ್ಕೇ ನಂಗೆ ಗೊತ್ತುಂಟು, ಕಡೇ ಪಂಕ್ತಿಗೆ ಏನು ಉಳಿತದೆ ಅಂತ" ಎಂದರು.

ತಿರುಚ್ಚಿ ಚೆನ್ನಾಗಿ ಆಯಿತು. ಒಂದು ಕಲ್ಯಾಣ ಮಂಟಪದಲ್ಲಿ ಇಳಿಸಿದ್ದರು. ಜಡೆ ಹಾಕಿದೆ, ಉಗುರು ಕತ್ತರಿಸಿದೆ, ಬಾಗಿಲಿಗೆ ಅಡ್ಡ ಚಾಪೆ ಹಾಸಿಕೊಂಡು ನಾನೇ ಮಲಗಿದೆ. ಎದುರಿನ ತಂಡದ ಗಂಡಸರು ಯಾರೋ ಹುಡುಗಿಯರ ಚಡ್ಡಿಯ ಬಗ್ಗೆ ಕೀಟಲೆ ಮಾಡಿದಾಗ ಹೋಗಿ ಎದುರು ನಿಂತು, "ನಿಮ್ಮ ಅಮ್ಮನ ನಂಬರ್ ಕೊಡಿ, ಇದೇ ಮಾತು ಅವರಿಗೂ ಹೇಳೋಣ" ಎಂದೆ, ಆಮೇಲೆ ಆ ಕಡೆಗೇ ಬರಲಿಲ್ಲ. ಕಯಲ್ ಹುಲಿಯ ಹಾಗೆ ಆಡಿದಳು. ಸೆಮಿಫೈನಲಿನ ಕೊನೆಯಲ್ಲಿ ಎದುರಿನ ರೈಡರಿನ ಕಾಲು ಹಿಡಿದು ಕೆಡವಿ ಗೆಲ್ಲಿಸಿದ್ದು ಯಾರು ಗೊತ್ತಾ? ಸಂಹಿತಾ. ಮಗಳ ಆಟ ನೋಡಲು ಹೆಂಡತಿಯ ಜೊತೆ ಬಂದಿದ್ದ ಹರಿದಾಸರು ಕುರ್ಚಿಯ ಮೇಲೆ ನಿಂತು ಅತ್ತರು. ನಾನೂ ಚಪ್ಪಾಳೆ ತಟ್ಟಿದೆ, ಕೈ ಕೆಂಪಾಗುವಷ್ಟು ತಟ್ಟಿದೆ. ವೀಕ್ಷಾ ನಿಲ್ಲುವ ಮೂಲೆ ಅದು. ಚಪ್ಪಾಳೆ ತಟ್ಟುತ್ತಲೇ ಅಲ್ಲಿ ಅವಳನ್ನೇ ಹುಡುಕಿದೆ ಅಕ್ಕ, ನಿನ್ನ ಹತ್ತಿರ ಮುಚ್ಚಿಡುವುದೇನು. ಜಯಲಕ್ಷ್ಮೀ ನನ್ನ ಪಕ್ಕ ಬಂದು ಕೈ ಹಿಡಿದುಕೊಂಡು, "ಸರಸಾ, ನಾನಾಗಿದ್ರೆ ಬಿಟ್ಟುಕೊಡ್ತಾ ಇರಲಿಲ್ಲ" ಎಂದಳು. ಅದು ಹೊಗಳಿದ್ದೋ ಅಲ್ಲವೋ ಇವತ್ತಿಗೂ ಗೊತ್ತಾಗಿಲ್ಲ.

ವಾಪಸು ಬಂದಾಗ ವೀಕ್ಷಾ ಬಹುಮಾನದ ಕಪ್ಪನ್ನು ಕೈಯಲ್ಲಿ ಹಿಡಿದು ನೋಡಿದಳು, ಯಾರು ಹೇಗೆ ಆಡಿದರೆಂದು ಎಲ್ಲ ಕೇಳಿದಳು, ನಕ್ಕಳು. ಈಗ ಅವಳು ಇಲ್ಲಿಯ ರಾಯಪುರಂ ಕಡೆ ದೊಡ್ಡ ಹುಡುಗಿಯರ ತಂಡವೊಂದಕ್ಕೆ ಸೇರಿದ್ದಾಳೆ, ಬಂದರಿನ ಹತ್ತಿರ. ಇಲ್ಲಿಂದ ದೂರ, ಬಸ್ಸು ಬದಲಿಸಿ ಹೋಗಬೇಕು. ಭಾನುವಾರ ಗಲ್ಲಾ ನನಗೆ ಬಿಟ್ಟು ಇವರೇ ಕರೆದುಕೊಂಡು ಹೋಗುತ್ತಾರೆ. ಏರಿಕ್ಕರೈ ತಂಡಕ್ಕೆ ನಾನೇ ಮ್ಯಾನೇಜರ್, ಹೊಸ ಪುಟ್ಟ ಹುಡುಗಿಯರು ಬಂದಿದ್ದಾರೆ, ನಾನಿಲ್ಲದೆ ಅಲ್ಲಿ ಒಂದು ನೀರಿನ ಕ್ಯಾನೂ ಅಲುಗುವುದಿಲ್ಲ. ನಾನು ಸಂಹಿತಾಳ ಹೆಸರು ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಮಕ್ಕಳ ಮುನಿಸು ಎಷ್ಟು ದಿನ? ಸರಿಹೋಗುತ್ತಾಳೆ.

ನಿನ್ನ ಸೊಸೆಗೆ ಹೇಳು, ಧೈರ್ಯವಾಗಿ ಮುಂದೆ ಬರಲಿ. ಒಬ್ಬ ಅಮ್ಮ ಎದ್ದು ನಿಂತರೆ ನಾಲ್ಕು ಅಮ್ಮಂದಿರು ಹಿಂದೆ ಬರುತ್ತಾರೆ, ಹುಡುಗಿಯರು ಆಟ ಬಿಡುವುದಿಲ್ಲ. ಯಾವ ಕೆಲಸವನ್ನಾದರೂ ಮಾಡಲಿ. ಒಂದು ಮಾತ್ರ: ಹರ್ಷಿಣಿ ಆಡುವ ದಿನ ಕೈಯಲ್ಲಿ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ, ಗೆರೆಯಾಚೆ ಕುಳಿತು ಅವಳೊಬ್ಬಳನ್ನೇ ನೋಡಲಿ.

ಭಾವನವರಿಗೆ ನನ್ನ ನಮಸ್ಕಾರ. ಹರ್ಷಿಣಿಗೆ ಈ ಚಿಕ್ಕಜ್ಜಿಯ ಆಶೀರ್ವಾದ, ಕಾಲು ಗಟ್ಟಿಯಾಗಲಿ, ಉಸಿರು ಉದ್ದವಾಗಲಿ, ಬಿದ್ದರೂ ನಗುತ್ತ ಏಳಲಿ. ನೀನು ಗೊಂಬೆ ಇಡುವ ಹೊತ್ತಿಗೆ ಬಂದು ತಲುಪು, ರೈಲಿನಲ್ಲಿ ಕೆಳಗಿನ ಬರ್ತೇ ಕೇಳು.

ನಿನ್ನ ಪ್ರೀತಿಯ ತಂಗಿ,
ಸರಸ

ಮರೆತಿದ್ದೆ: ದಸರೆ ಕಳೆದ ಮೇಲಿನ ಭಾನುವಾರ ರಾಯಪುರಂನಲ್ಲಿ ವೀಕ್ಷಾಳ ಹೊಸ ತಂಡದ ಮೊದಲ ಪಂದ್ಯ. ಮನೆಯವರೆಲ್ಲ ಬರಬೇಕೆಂದು ಅವರ ಕೋಚ್ ಹೇಳಿದ್ದಾರಂತೆ. ನಾನು ಸೀರೆ ತೆಗೆದಿಟ್ಟಿದ್ದೆ. ನಿನ್ನೆ ಅವಳು ನೋಡಿ, ಕೋಪವೇ ಇಲ್ಲದೆ, ಮೆತ್ತಗೆ, "ನೀ ವರಾದೆ ಮ್ಮಾ. ನೀ ವಂದಾ ಎಲ್ಲಾರುಕ್ಕೂ ಅಮ್ಮಾ ಆಯಿಡುವೆ" ಎಂದಳು. ನೀನು ಬರಬೇಡ, ಬಂದರೆ ಎಲ್ಲರಿಗೂ ಅಮ್ಮ ಆಗಿಬಿಡುತ್ತಿ, ಎಂದು. ಕೋಪದಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ. ಸೀರೆ ಮಡಿಸಿ ಒಳಗಿಟ್ಟೆ. ಅಕ್ಕ, ನೀನು ಅಷ್ಟು ದಿನ ಉಳಿದುಕೊಂಡು ಇವರ ಜೊತೆ ಹೋಗು. ದೊಡ್ಡಮ್ಮ ಬಂದರೆ ಅವಳು ಬೇಡವೆನ್ನುವುದಿಲ್ಲ. ಮುಂದೆಯೇ ಕುಳಿತು ನೋಡು, ಅವಳು ಯಾರನ್ನಾದರೂ ಹಿಡಿದು ಕೆಡವಿದರೆ ಜೋರಾಗಿ ಅವಳ ಹೆಸರು ಕೂಗು. ಆದರೆ ಗೆದ್ದರೂ ಸೋತರೂ ಅಲ್ಲಿಂದ ನನಗೆ ಫೋನು ಮಾಡಬೇಡ, ಮನೆಗೆ ಬಂದ ಮೇಲೂ ನೀನು ಬಾಯಿ ಬಿಡಬೇಡ. ಅವಳೇ ನನ್ನ ಹತ್ತಿರ ಬಂದು ಹೇಳುತ್ತಾಳೋ ಇಲ್ಲವೋ, ನಾನು ನೋಡಬೇಕು.